ಗೋಧಿ ಬಣ್ಣದ ನ್ಯೂಟನ್

ಅವತ್ತು ಶನಿವಾರ ರಾತ್ರಿ, ಒಂದೂವರೆ ಇರಬಹುದು. ಫೋನು ಬಡಿದುಕೊಂಡಿತು. ಆ ಹೊತ್ತಿಗೆ ಫೋನು ಬಂದರೆ ನಮ್ಮ ವಯಸ್ಸಿನವರಿಗೆ ಊರಿನ ಹಿರಿಯರೆಲ್ಲ ಸಾಲಾಗಿ ಕಣ್ಣ ಮುಂದೆ ಬರುತ್ತಾರೆ. ಯಾರಪ್ಪಾ ಹೋದರು ಅಂದುಕೊಂಡು ಎತ್ತಿದರೆ ಅಕ್ಕನ ಮಗ. ಇಂಗ್ಲೆಂಡಿನಲ್ಲಿ ಕೆಲಸ. ದನಿ ಆಗಲೇ ಒದ್ದೆ.

"ಮಾವ, ಎಲ್ಲ ಹಾಳು ಮಾಡಿಬಿಟ್ರು ಮಾವ."

"ಏನಾಯ್ತೋ? ಯಾರೋ?"

"ಡಾಕ್ಟರ್ ಹೂ."

ಪಕ್ಕದಲ್ಲಿ ಎದ್ದು ಕೂತಿದ್ದ ಹೆಂಡತಿ, "ಡಾಕ್ಟರಿಗೆ ಹೂವು ಯಾಕಂತೆ ಈ ಹೊತ್ತಲ್ಲಿ?" ಅಂದಳು.

ಡಾಕ್ಟರ್ ಹೂ ಅಂದರೆ, ನೀಲಿ ಡಬ್ಬವೊಂದರಲ್ಲಿ ಕೂತು ಕಾಲದಲ್ಲಿ ಹಿಂದೆ ಮುಂದೆ ಅಲೆಯುವ 'ಡಾಕ್ಟರ್' ಅನ್ನೋ ಅನ್ಯಗ್ರಹದವನ ಟೀವಿ ಕಥೆ. 1963ರ ನವೆಂಬರ್ 23ಕ್ಕೆ ಶುರುವಾದ ಬಿಬಿಸಿ ಧಾರಾವಾಹಿಗೆ 2023ಕ್ಕೆ 60 ತುಂಬಿತು. ನಮ್ಮಲ್ಲಾದರೆ ಷಷ್ಟ್ಯಬ್ದಿ. ಹಳೇ ಗಂಡ ಹೆಂಡತಿಯನ್ನು ಕೂರಿಸಿ ಇನ್ನೊಮ್ಮೆ ತಾಳಿ ಕಟ್ಟಿಸಿ, ಬಂದವರಿಗೆ ಹೋಳಿಗೆ ಊಟ ಹಾಕಿ ಕಳಿಸುತ್ತೇವೆ. ಅವರೂ ಹೆಚ್ಚುಕಡಿಮೆ ಅದನ್ನೇ ಮಾಡಿದರು. ಹಳೇ ಜೋಡಿ, ಡಾಕ್ಟರ್ ಪಾತ್ರದ ಡೇವಿಡ್ ಟೆನಂಟ್, ಅವನ ಜೊತೆಗಾತಿ ಡೊನ್ನಾ ಪಾತ್ರದ ಕ್ಯಾಥರೀನ್ ಟೇಟ್ ಇಬ್ಬರನ್ನೂ ಕರೆಸಿ, ಮೂರು ಶನಿವಾರ ಮೂರು ವಿಶೇಷ ಕಂತು ಬಡಿಸಿದರು. ಉಂಡವರು ಎಲೆ ಮಡಿಸುವ ಮೊದಲೇ ಸಾರಿಗೆ ಉಪ್ಪಿಲ್ಲ ಅಂದರು. ಅದೂ ನಮ್ಮಲ್ಲಿದ್ದ ಹಾಗೇ.

ನನ್ನ ಸೋದರಳಿಯನಿಗೆ ಆ ರಾತ್ರಿ ಸಂಕಟ ತಂದದ್ದು ಐಸಾಕ್ ನ್ಯೂಟನ್. ಎರಡನೇ ಕಂತಿನ ಶುರುವಿನಲ್ಲಿ, 1666ನೇ ಇಸವಿಯಲ್ಲಿ, ನ್ಯೂಟನ್ ಕೂತಿದ್ದ ಸೇಬಿನ ಮರದ ಮೇಲೇ ಡಾಕ್ಟರನ ನೀಲಿ ಡಬ್ಬ ಬಂದು ಬೀಳುತ್ತದೆ. ಎರಡು ನಿಮಿಷದ ತಮಾಷೆ ಅಷ್ಟೇ. ಆದರೆ ನ್ಯೂಟನ್ ಪಾತ್ರ ಮಾಡಿದ ನಥಾನಿಯಲ್ ಕರ್ಟಿಸ್ ಭಾರತೀಯ ಮೂಲದ ನಟ. ನಮ್ಮ ವಧೂವರರ ಅಂಕಣದ ಭಾಷೆಯಲ್ಲಿ ಹೇಳಬೇಕಂದ್ರೆ ಗೋಧಿ ಬಣ್ಣ.

"ಇತಿಹಾಸ ಅಂತ ಒಂದಿರುತ್ತಲ್ಲ ಮಾವ," ಅಂದ ಅಳಿಯ. ಅವನ ಬಣ್ಣ ಗೋಧಿಗಿಂತ ರಾಗಿಗೆ ಹತ್ತಿರ. ಅದನ್ನು ನಾನು ಹೇಳಲಿಲ್ಲ.

ಇವರ ನಂಬಿಕೆಯ ಪಟ್ಟಿ ನೋಡಿ. ಡಾಕ್ಟರನಿಗೆ ಎರಡು ಹೃದಯ, ಸರಿ. ವಯಸ್ಸು ಸಾವಿರ ದಾಟಿದೆ, ಸರಿ. ಸತ್ತರೆ ಹೊಸ ಮುಖ ಹೊತ್ತು ಏಳುತ್ತಾನೆ, ಅದೂ ಸರಿ. ಹಳೇ ಕಾಲದ ಪೊಲೀಸ್ ಡಬ್ಬ ಹೊರಗಿನಿಂದ ಕಿರಿದು, ಒಳಗೆ ಅರಮನೆ, ಮೇಲಾಗಿ ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ಪರಮ ಸತ್ಯ. ಲೋಕವನ್ನೆಲ್ಲ ನಡುಗಿಸುವ ಡಾಲೆಕ್ ಅನ್ನೋ ಯಂತ್ರರಾಕ್ಷಸರ ಕೈ ಅಂದರೆ ಬಚ್ಚಲು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಪಂಪು. ಅದಕ್ಕೂ ಯಾರೂ ಕಮಕ್ ಕಿಮಕ್ ಅಂದಿಲ್ಲ. ನ್ಯೂಟನ್ ಮೈಬಣ್ಣ ಒಂದು ಬದಲಾಗಲಿ, ತಕ್ಷಣ ವಾಸ್ತವ ನೆನಪಾಗುತ್ತದೆ.

ಹೋಗಲಿ, ಅದೇ ದೃಶ್ಯದಲ್ಲಿ ನನಗೆ ಇಷ್ಟವಾದದ್ದು ಬೇರೆ. ಡೊನ್ನಾ ಸುಮ್ನೆ ಬಾಯಿಗೆ ಬಂದ ಒಂದು ಶ್ಲೇಷೆ ಎಸೆದು ಹೋಗುತ್ತಾಳೆ. ನ್ಯೂಟನ್ ಆ ಪದ ನೆನಪಿಟ್ಟುಕೊಳ್ಳೋಕೆ ಹೋಗಿ 'ಗ್ರ್ಯಾವಿಟಿ' ಬದಲು 'ಮ್ಯಾವಿಟಿ' ಮಾಡಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಇಡೀ ಜಗತ್ತಿಗೆ ಅದು ಮ್ಯಾವಿಟಿಯೇ. ನಮ್ಮ ಎಂಟನೇ ಕ್ಲಾಸಿನ ಪುಸ್ತಕದಲ್ಲಾಗಿದ್ದರೆ 'ಮುರುತ್ವಾಕರ್ಷಣೆ' ಅಂತ ಬರುತ್ತಿತ್ತು. ಮೇಷ್ಟ್ರು ಅದನ್ನೂ ಹತ್ತು ಸಲ ಬರೆಸುತ್ತಿದ್ದರು, ಒಬ್ಬರೂ ಯಾಕೆ ಅಂತ ಕೇಳುತ್ತಿರಲಿಲ್ಲ.

ಇನ್ನು ಕುರ್ಚಿ ವಿಷಯ. ಡಾಲೆಕ್‌ಗಳನ್ನು ಹುಟ್ಟಿಸಿದ ಡಾವ್ರೋಸ್ ಅನ್ನೋ ಖಳ 1975ರಿಂದ ಗಾಲಿಕುರ್ಚಿಯಂಥ ಯಂತ್ರದಲ್ಲೇ ಓಡಾಡಿಕೊಂಡಿದ್ದ. 2023ರ ನವೆಂಬರಿನ ಒಂದು ಪುಟ್ಟ ಪ್ರಹಸನದಲ್ಲಿ ಎರಡು ಕಾಲ ಮೇಲೆ ನಿಂತುಬಿಟ್ಟ. ಕೆಟ್ಟವನು ಅಂದರೆ ಗಾಲಿಕುರ್ಚಿ ಅನ್ನೋ ಅಭ್ಯಾಸ ಸಾಕು ಅಂದರು ಬರಹಗಾರ ರಸೆಲ್ ಟಿ. ಡೇವಿಸ್. ಹೋಯ್ತು, ಅಭಿಮಾನಿಗಳೆಲ್ಲ ಡಾವ್ರೋಸ್‌ಗೆ ಕುರ್ಚಿ ವಾಪಸ್ ಕೊಡಿ ಅಂತ ಎದ್ದರು. ಕುರ್ಚಿಗಾಗಿ ಗಲಾಟೆ ಕರ್ನಾಟಕದವರಿಗೆ ಹೊಸದಲ್ಲ. ಆದರೆ ತಾನು ಕೂರೋಕಲ್ಲ, ಇನ್ನೊಬ್ಬನನ್ನು ಕೂರಿಸೋಕೆ ಇಷ್ಟು ನಿಸ್ವಾರ್ಥವಾಗಿ ಹೊಡೆದಾಡಿದ್ದನ್ನು ನಾನಂತೂ ಇದೇ ಮೊದಲು ಕಂಡಿದ್ದು.

"ಐವತ್ತನೇ ವರ್ಷದ್ದು ಚಿನ್ನದಂಥ ಕಂತು ಮಾವ. ಇದು ಅದರ ಕಾಲಿನ ಧೂಳಿಗೂ ಸಮ ಇಲ್ಲ," ಅಂತಾನೆ ಅಳಿಯ. ಇವನು ಮರೆತಿರಬಹುದು, ನಾನು ಮರೆತಿಲ್ಲ. 2013ರಲ್ಲಿ ಆ ಕಂತು 94 ದೇಶಗಳಲ್ಲಿ ಒಟ್ಟಿಗೇ ಬಂದು ಗಿನ್ನೆಸ್ ಪುಸ್ತಕ ಸೇರಿತು. ಆಗಲೂ ಇವನದು ಇದೇ ಒದ್ದೆ ದನಿ, ಇದೇ "ಎಲ್ಲ ಹಾಳು ಮಾಡಿಬಿಟ್ರು". ಕಾರಣ ಏನು ಗೊತ್ತಾ? ಸುಟ್ಟುಹೋಗಿದೆ ಅಂದುಕೊಂಡಿದ್ದ ಡಾಕ್ಟರನ ಗ್ರಹ ಸುಡಲಿಲ್ಲ ಅಂತ. ಆ ಗ್ರಹದಲ್ಲಿ ಮಕ್ಕಳೇ 247 ಕೋಟಿ ಅಂತ ಕಂತಿನಲ್ಲೇ ಲೆಕ್ಕ ಕೊಡುತ್ತಾರೆ. ಅಷ್ಟೂ ಮಕ್ಕಳು ಬದುಕಿಕೊಂಡವು ಅಂತ ಇವನು ಅವತ್ತು ಊಟ ಬಿಟ್ಟಿದ್ದ. ಜೊತೆಗೆ ಲೆಕ್ಕದ ತಕರಾರು ಬೇರೆ. ಮುಖ ಬದಲಾದಂತೆಲ್ಲ ಡಾಕ್ಟರ್ ಆದ ನಟರಿಗೆ ಒಂದೊಂದು ನಂಬರು. ಎಂಟನೇ ಡಾಕ್ಟರ್, ಒಂಬತ್ತನೇ ಡಾಕ್ಟರ್ ನಡುವೆ ನಂಬರೇ ಇಲ್ಲದ ಜಾನ್ ಹರ್ಟ್ ಬಂದು ನಿಂತಿದ್ದರು, ಪಾಲುಪಟ್ಟಿ ರಿಜಿಸ್ಟರ್ ಆದಮೇಲೆ ವಕೀಲರ ಜೊತೆ ಬಂದ ಇನ್ನೊಬ್ಬ ಮಗನ ಹಾಗೆ. ಈಗ ಟೆನಂಟ್ ಹತ್ತನೆಯವರೂ ಹೌದು, ಹದಿನಾಲ್ಕನೆಯವರೂ ಹೌದು. ಯಾವ ತಹಶೀಲ್ದಾರರೂ ಇದನ್ನು ಬಗೆಹರಿಸಲಾರರು.

ಈ ಗೊಣಗಾಟದ ವಂಶದಲ್ಲಿ ನನ್ನ ಮೆಚ್ಚಿನವರು ಕ್ರಿಸ್ ಚಿಬ್ನಲ್. 1986ರಲ್ಲಿ, ಹದಿನಾರು ವರ್ಷದ ಹುಡುಗ, ಅಭಿಮಾನಿಗಳ ಪರವಾಗಿ ಟೀವಿಯಲ್ಲಿ ಕೂತು, ಧಾರಾವಾಹಿ ಬರೆದವರಿಗೇ ನಿಮ್ಮ ಕಥೆ ಸರಿಯಿಲ್ಲ ಅಂದ. ಮೂವತ್ತೆರಡು ವರ್ಷ ಕಳೆದು 2018ರಲ್ಲಿ ಅದೇ ಧಾರಾವಾಹಿಯ ಚುಕ್ಕಾಣಿ ಅವರ ಕೈಗೇ ಬಂತು. ಡಾಕ್ಟರ್ ಹೆಣ್ಣಾದದ್ದು ಅವರ ಕಾಲದಲ್ಲೇ. ಆಮೇಲೆ ಹದಿನಾರರ ಹುಡುಗರಿಂದ ಅರವತ್ತರ ಅಜ್ಜಂದಿರವರೆಗೆ ಸೇರಿ ಅವರಿಗೆ ಮಾಡಿದ್ದನ್ನು ನೋಡಿದರೆ, ಮಾಡಿದ್ದುಣ್ಣೋ ಮಹಾರಾಯ ಅನ್ನೋ ಗಾದೆ ಕಟ್ಟಿದವರು ಟೈಮ್ ಮಷೀನಿನಲ್ಲಿ ಹೋಗಿಬಂದಿದ್ದರು ಅನಿಸುತ್ತದೆ.

ಗೊಣಗೋದು ತಪ್ಪಲ್ಲ. ಹಿಂದೆ ಬಿಬಿಸಿಯವರೇ ಟೇಪು ಅಳಿಸಿಹಾಕಿ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಕಳೆದುಕೊಂಡರು. ಅವುಗಳ ದನಿ ಮಾತ್ರ ಅಷ್ಟೂ ಉಳಿದಿದೆ. ಅವತ್ತಿನ ಹುಡುಗರು ಟೀವಿ ಮುಂದೆ ಮೈಕ್ ಹಿಡಿದು, ಅಮ್ಮ ಕೆಮ್ಮಬೇಡಮ್ಮ ಅಂತ ಬೇಡಿಕೊಂಡು ರೆಕಾರ್ಡ್ ಮಾಡಿಕೊಂಡಿದ್ದರಿಂದ. ಅಂಥವರು ಎರಡು ಮಾತು ಜಾಸ್ತಿ ಆಡಲಿ ಬಿಡಿ.

ಆದರೆ 144 ಅನ್ನೋ ಸಂಖ್ಯೆ ಇದೆಯಲ್ಲ, ಅದು ಬೇರೆ. ಈ ಮೂರರಲ್ಲಿ ಮೊದಲ ಕಂತಿಗೆ ಬಿಬಿಸಿಗೆ ಬಂದ ದೂರುಗಳು. ಕುರ್ಚಿಗಲ್ಲ, ಲೆಕ್ಕಕ್ಕಲ್ಲ. ಡೊನ್ನಾಳ ಮಗಳು ರೋಸ್ ಟ್ರಾನ್ಸ್‌ಜೆಂಡರ್ ಹುಡುಗಿ, ಅದಕ್ಕೆ. ಪಾತ್ರ ಮಾಡಿದ ಯಾಸ್ಮಿನ್ ಫಿನ್ನಿ ಕೂಡ ಟ್ರಾನ್ಸ್. ಆಗ ಇಪ್ಪತ್ತು ವರ್ಷ. ಆ ಕಂತಿನಲ್ಲೇ ಬೀದಿ ಹುಡುಗರು ಸೈಕಲ್ ಮೇಲೆ ಬಂದು ರೋಸ್‌ಳನ್ನು ಹಳೇ ಹೆಸರು ಹಿಡಿದು ಗೇಲಿ ಮಾಡುವ ದೃಶ್ಯ ಇದೆ. ಅದನ್ನು ನೋಡಿ, ಟೀವಿ ಆರಿಸಿ, ಇವರು ಮಾಡಿದ್ದು ಅದನ್ನೇ. ಸೈಕಲ್ ಒಂದು ಇರಲಿಲ್ಲ. ಅನ್ಯಗ್ರಹದ ರೋಮದ ಪ್ರಾಣಿಯನ್ನು ಮುದ್ದು ಮಾಡೋಕೆ ಜಾಗ ಇರುವ ಮನೆಯಲ್ಲಿ ಒಂದು ಮಗುವಿಗೆ ಜಾಗ ಇಲ್ಲ ಅಂತೀರಲ್ಲ, ಥೂ. ಇದಕ್ಕೆ ತಮಾಷೆ ಮಾಡೋಕೆ ನನಗೆ ಬರೋದಿಲ್ಲ. ಬೇಜಾರಾಗಿದೆ.

ಮೂರನೇ ಶನಿವಾರ ಮತ್ತೆ ಫೋನು. ಟೆನಂಟ್ ಸಾಯುವ ಬದಲು ಇಬ್ಬರಾಗಿ ಸೀಳಿಕೊಂಡರಂತೆ. ಹೊಸಬ ಶುಟಿ ಗಾಟ್ವಾ ಡಬ್ಬ ಹತ್ತಿ ಹೋದರೆ, ಹಳಬ ಡೊನ್ನಾ ಮನೆಯವರ ಜೊತೆ ತೋಟದಲ್ಲಿ ಊಟಕ್ಕೆ ಕೂತರಂತೆ. "ಇಬ್ಬರು ಹೇಗೆ ಮಾವ? ಲಾಜಿಕ್ಕೇ ಇಲ್ಲ."

"ಅಯ್ಯೋ, ಅಷ್ಟು ವರ್ಷ ಅಲೆದಿದೆ ಪಾಪ. ಊಟ ಮಾಡ್ಲಿ ಬಿಡೋ," ಅಂದಳು ನನ್ನ ಹೆಂಡತಿ, ಮಗ್ಗುಲು ಬದಲಿಸುತ್ತಾ.

"ಇನ್ನು ನಾನು ನೋಡೋದೇ ಇಲ್ಲ ಮಾವ. ಮುಗೀತು."

"ಒಳ್ಳೇದಪ್ಪ. ಮುಂದಿನ ಕಂತು ಯಾವಾಗಂತೆ?"

"ಕ್ರಿಸ್‌ಮಸ್ ದಿನ. ಸಂಜೆ ಐದು ಐವತ್ತೈದಕ್ಕೆ. ನಿಮಗೆ ರಾತ್ರಿ ಹನ್ನೊಂದು ಇಪ್ಪತ್ತೈದಾಗುತ್ತೆ."

ಅವತ್ತು ಫೋನು ಆಫ್ ಮಾಡಿ ಮಲಗುತ್ತೇನೆ. ಊರಿನ ಹಿರಿಯರು ದಯವಿಟ್ಟು ಒಂದು ರಾತ್ರಿ ತಡೆದುಕೊಳ್ಳಬೇಕು.