ರೇಗನ್ ನೋಡಿದ ಸಿನಿಮಾ ಮತ್ತು ಅಮೆರಿಕ ಬರೆದ ಕಾನೂನು

ರಾಜಕಾರಣಿಗಳು ಸಿನಿಮಾ ನೋಡಿ ನೀತಿ ರೂಪಿಸುತ್ತಾರೆ ಎಂದರೆ ಓದಿಕೊಂಡವರು ಮೂಗು ಮುರಿಯುತ್ತಾರೆ. ನನಗೆ ಅದರ ಬಗ್ಗೆ ಅಂಥ ತಕರಾರೇನೂ ಇಲ್ಲ. ಕಡತ ನೋಡಿ ರೂಪಿಸಿದ ನೀತಿಗಳ ಅಂದಚಂದವನ್ನೂ ನಾವು ಸಾಕಷ್ಟು ಅನುಭವಿಸಿದ್ದೇವೆ. ನನ್ನ ತಕರಾರಿರುವುದು ಅವರು ಸಿನಿಮಾ ನೋಡುವ ಕ್ರಮದ ಬಗ್ಗೆ. ಕಥೆಯಲ್ಲಿ ಹಿಡಿದು ಒಳಗೆ ಹಾಕಬಹುದಾದವನು ಯಾರೋ ಅವನೊಬ್ಬನನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ; ಕುರ್ಚಿಯಲ್ಲಿ ಕೂತವರಿಗೇ ಕಥೆ ಹಾಕಿದ ಪ್ರಶ್ನೆಯನ್ನು ಮಾತ್ರ ಚಿತ್ರಮಂದಿರದಲ್ಲಿಯೇ ಬಿಟ್ಟು ಬರುತ್ತಾರೆ. ಇದಕ್ಕೆ 1983ರ ಅಮೆರಿಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆ ವರ್ಷದ ಜೂನ್ 4, ಶನಿವಾರ. ಅಧ್ಯಕ್ಷ ರೊನಾಲ್ಡ್ ರೇಗನ್ ವಾರಾಂತ್ಯಕ್ಕೆಂದು ಅಧ್ಯಕ್ಷರ ವಿಶ್ರಾಂತಿಧಾಮವಾದ ಕ್ಯಾಂಪ್ ಡೇವಿಡ್‌ಗೆ ಹೋಗಿದ್ದವರು ಹಿಂದಿನ ದಿನವಷ್ಟೇ ಬಿಡುಗಡೆಯಾಗಿದ್ದ ‘ವಾರ್‌ಗೇಮ್ಸ್’ ಎಂಬ ಚಿತ್ರವನ್ನು ನೋಡಿದರು. ಚಿತ್ರದ ನಾಯಕ ಶಾಲೆಗೆ ಹೋಗುವ ಹುಡುಗ. ಮನೆಯ ಕಂಪ್ಯೂಟರಿಗೆ ದೂರವಾಣಿಯನ್ನು ಜೋಡಿಸಿ, ಒಂದಾದ ಮೇಲೊಂದರಂತೆ ನಂಬರುಗಳಿಗೆ ಕರೆ ಹೋಗುವ ಹಾಗೆ ಮಾಡಿ, ಆ ಕಡೆ ಯಾವ ಕಂಪ್ಯೂಟರ್ ಉತ್ತರ ಕೊಡುತ್ತದೆ ಎಂದು ಹುಡುಕುವುದು ಅವನ ಹವ್ಯಾಸ. ಹೊಸ ಆಟಗಳನ್ನು ಕದ್ದು ಆಡುವ ಆಸೆಯಿಂದ ಹೊರಟವನು ಗೊತ್ತಿಲ್ಲದೆಯೇ ಅಮೆರಿಕದ ಕ್ಷಿಪಣಿ ರಕ್ಷಣಾ ಕೇಂದ್ರದ ಕಂಪ್ಯೂಟರಿಗೆ ನುಗ್ಗಿ, ಪರಮಾಣು ಯುದ್ಧವನ್ನು ಒಂದು ಆಟವೆಂದು ತಿಳಿದು ಆಡಲು ಶುರುಮಾಡುತ್ತಾನೆ. ಕಂಪ್ಯೂಟರ್ ಅದನ್ನು ಆಟವೆಂದು ತಿಳಿಯುವುದಿಲ್ಲ.

ಮುಂದಿನ ಬುಧವಾರ ಶ್ವೇತಭವನದಲ್ಲಿ ಎಂಎಕ್ಸ್ ಎಂಬ ಹೊಸ ಪರಮಾಣು ಕ್ಷಿಪಣಿ ಮತ್ತು ಶಸ್ತ್ರಾಸ್ತ್ರ ನಿಯಂತ್ರಣದ ಮಾತುಕತೆಗಳ ಕುರಿತು ಸಭೆ ಸೇರಿತ್ತು. ಸಚಿವರು, ಸೇನಾಧಿಕಾರಿಗಳು, ಸಂಸತ್ತಿನ 16 ಮಂದಿ ಸದಸ್ಯರು ಕೂತಿದ್ದರು. ಅಲ್ಲಿ ನಡೆದದ್ದನ್ನು ಪತ್ರಕರ್ತ ಫ್ರೆಡ್ ಕಪ್ಲಾನ್ ವಿವರವಾಗಿ ದಾಖಲಿಸಿದ್ದಾರೆ. ರೇಗನ್ ಕೈಯಲ್ಲಿದ್ದ ಟಿಪ್ಪಣಿ ಕಾರ್ಡುಗಳನ್ನು ಕೆಳಗಿಟ್ಟು, ಈ ಚಿತ್ರವನ್ನು ಯಾರಾದರೂ ನೋಡಿದ್ದೀರಾ ಎಂದು ವಿಚಾರಿಸಿದರು. ಯಾರೂ ನೋಡಿರಲಿಲ್ಲ. ಸರಿ, ಅಧ್ಯಕ್ಷರೇ ಕಥೆ ಹೇಳಲು ಕೂತರು, ಮೊದಲಿನಿಂದ ಕೊನೆಯವರೆಗೆ. ಕೇಳುತ್ತಿದ್ದವರಲ್ಲಿ ಕೆಲವರು ತುಟಿಯಂಚಿನ ನಗೆಯನ್ನು ಅದುಮಿಟ್ಟುಕೊಂಡರಂತೆ. ಕಥೆ ಮುಗಿದ ಮೇಲೆ ರೇಗನ್ ಸೇನಾ ಮುಖ್ಯಸ್ಥ ಜನರಲ್ ಜಾನ್ ವೆಸ್ಸಿ ಅವರತ್ತ ತಿರುಗಿ, ಇಂಥದ್ದು ನಿಜವಾಗಿಯೂ ನಡೆಯಬಹುದೇ ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದ ಜನರಲ್ ಒಂದು ವಾರದ ನಂತರ ತಂದ ಉತ್ತರವೆಂದರೆ, ಅಧ್ಯಕ್ಷರೇ, ಸಮಸ್ಯೆ ನೀವು ಅಂದುಕೊಂಡಿರುವುದಕ್ಕಿಂತ ಬಹಳ ಗಂಭೀರವಾಗಿದೆ ಎಂಬುದು.

ರೇಗನ್ ಅವರನ್ನು ಮೆಚ್ಚುವವನು ನಾನಲ್ಲ, ಆದರೂ ಈ ಪ್ರಸಂಗದ ಮಟ್ಟಿಗೆ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ನಗೆಪಾಟಲಿಗೀಡಾಗುವ ಭಯವಿಲ್ಲದೆ ಪೆದ್ದು ಪ್ರಶ್ನೆ ಕೇಳಬಲ್ಲವರು ಆ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಉತ್ತರವೇನೋ ಎಂದೋ ಸಿದ್ಧವಾಗಿತ್ತು. ರ್‍ಯಾಂಡ್ ಎಂಬ ಸೇನಾ ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ತಜ್ಞ ವಿಲ್ಲಿಸ್ ವೇರ್ 1967ರಲ್ಲಿಯೇ ಒಂದು ಪ್ರಬಂಧ ಬರೆದು, ಒಂದೇ ಕಂಪ್ಯೂಟರನ್ನು ದೂರದೂರದ ಜನ ತಂತಿಯ ಮೂಲಕ ಹಂಚಿಕೊಂಡು ಬಳಸಲಾರಂಭಿಸಿದರೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲವೆಂದು ಎಚ್ಚರಿಸಿದ್ದರು. ಅದು 16 ವರ್ಷ ಕಪಾಟಿನಲ್ಲಿತ್ತು. ಸ್ವಾರಸ್ಯವೆಂದರೆ ‘ವಾರ್‌ಗೇಮ್ಸ್’ ಬರೆದ ಲಾರೆನ್ಸ್ ಲಾಸ್ಕರ್ ಮತ್ತು ವಾಲ್ಟರ್ ಪಾರ್ಕ್ಸ್ ತಮ್ಮ ಕಥೆ ನಂಬುವಂತಿದೆಯೇ ಎಂದು ಕೇಳಲು ಹೋದದ್ದು ಇದೇ ವೇರ್ ಅವರ ಬಳಿಗೆ. ರಕ್ಷಣಾ ಕಂಪ್ಯೂಟರು ಹೊರಗಿನವರಿಗೆ ಮುಚ್ಚಿರಬೇಕು ನಿಜ, ಆದರೆ ವಾರಾಂತ್ಯದಲ್ಲಿ ಮನೆಯಿಂದಲೇ ಕೆಲಸ ಮಾಡಬಯಸುವ ಅಧಿಕಾರಿಗಳಿಗಾಗಿ ಒಂದು ಬಾಗಿಲನ್ನು ತೆರೆದೇ ಇಟ್ಟಿರುತ್ತಾರೆ, ಆ ನಂಬರು ಸಿಕ್ಕವರು ಯಾರು ಬೇಕಾದರೂ ನುಗ್ಗಬಹುದು ಎಂದು ವೇರ್ ಆ ಇಬ್ಬರು ಬರಹಗಾರರಿಗೆ ಧೈರ್ಯ ತುಂಬಿದರು. ಮನೆಯಿಂದ ಕೆಲಸ ಮಾಡುವವರ ಬಗ್ಗೆ ಬೆಂಗಳೂರಿನ ವ್ಯವಸ್ಥಾಪಕರು ಈಗ ಹೊರಿಸುತ್ತಿರುವ ಆರೋಪಗಳಲ್ಲಿ ಪರಮಾಣು ಯುದ್ಧ ಇನ್ನೂ ಸೇರಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ರೇಗನ್ ಕೇಳಿದ ಪ್ರಶ್ನೆಯ ಫಲವಾಗಿ 1984ರ ಸೆಪ್ಟೆಂಬರ್ 17ರಂದು ರಾಷ್ಟ್ರೀಯ ಭದ್ರತಾ ನಿರ್ದೇಶನ 145 ಹೊರಬಿತ್ತು. ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ಅಮೆರಿಕದ ಅಧ್ಯಕ್ಷರೊಬ್ಬರು ಹೊರಡಿಸಿದ ಮೊದಲ ದೊಡ್ಡ ಆದೇಶವದು. ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಆದರೆ ದೇಶದ ಕಂಪ್ಯೂಟರುಗಳನ್ನು ಕಾಯುವ ಹೊಣೆಯನ್ನು ಆ ಆದೇಶ ಒಪ್ಪಿಸಿದ್ದು ಅನ್ಯರ ಸಂಭಾಷಣೆಯನ್ನು ಕದ್ದು ಕೇಳುವುದೇ ಕಸುಬಾಗಿದ್ದ ರಾಷ್ಟ್ರೀಯ ಭದ್ರತಾ ಸಂಸ್ಥೆಗೆ, ಅಂದರೆ ಎನ್‌ಎಸ್‌ಎಗೆ! ಸಂಸತ್ತು ಬೆಚ್ಚಿಬಿದ್ದು 1987ರಲ್ಲಿ ಬೇರೊಂದು ಕಾಯ್ದೆ ತಂದು, ನಾಗರಿಕ ಇಲಾಖೆಗಳ ಕಂಪ್ಯೂಟರುಗಳನ್ನು ಆ ಸಂಸ್ಥೆಯ ಕೈಯಿಂದ ಬಿಡಿಸಿ ಮಾನಕಗಳ ಬ್ಯೂರೋಗೆ ವಹಿಸಬೇಕಾಯಿತು.

ಇಷ್ಟಕ್ಕೂ ಆ ಚಿತ್ರ ಹೇಳಹೊರಟದ್ದು ಏನನ್ನು? ಅದು ಆರಂಭವಾಗುವುದು ಹುಡುಗನಿಂದಲ್ಲ, ನೆಲದಡಿಯ ಕ್ಷಿಪಣಿ ಕೋಣೆಯೊಂದರಿಂದ. ಉಡಾವಣೆಯ ಆದೇಶ ಬರುತ್ತದೆ. ಇಬ್ಬರು ಅಧಿಕಾರಿಗಳು ಒಟ್ಟಿಗೆ ಕೀಲಿ ತಿರುಗಿಸಬೇಕು. ಹಿರಿಯನು ಕೈ ತಡೆಯುತ್ತಾನೆ. ಲಕ್ಷಾಂತರ ಜನರನ್ನು ಕೊಲ್ಲುವ ಮೊದಲು ದೂರವಾಣಿಯಲ್ಲಿ ಒಬ್ಬ ಮನುಷ್ಯನ ದನಿ ಕೇಳಬೇಕೆನ್ನುತ್ತಾನೆ. ಕಿರಿಯನು ಅವನತ್ತ ಪಿಸ್ತೂಲು ಹಿಡಿಯುತ್ತಾನೆ. ಅದು ಬರಿಯ ಅಣಕು ಪರೀಕ್ಷೆಯಾಗಿತ್ತೆಂದೂ ಇಂಥ ಹಲವರು ಕೀಲಿ ತಿರುಗಿಸಲಿಲ್ಲವೆಂದೂ ನಮಗೆ ಆಮೇಲೆ ತಿಳಿಯುತ್ತದೆ. ಹಿಂಜರಿದವರನ್ನು ಅಭಿನಂದಿಸುವುದರ ಬದಲು ಮೇಲಧಿಕಾರಿಗಳು ಮನುಷ್ಯರನ್ನೇ ಆ ಕೋಣೆಗಳಿಂದ ಹೊರಹಾಕಿ, ನಿರ್ಧಾರವನ್ನು ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಹುಡುಗ ಬರುವುದು ಇದೆಲ್ಲ ಆದ ಮೇಲೆ. ಅವನು ಕಥೆಯ ಅಪರಾಧಿಯಲ್ಲ; ಅಪರಾಧ ಅದಾಗಲೇ ಸರ್ಕಾರಿ ಮೊಹರಿನೊಂದಿಗೆ ನಡೆದುಹೋಗಿರುತ್ತದೆ.

ಇದರಲ್ಲಿ ಉತ್ಪ್ರೇಕ್ಷೆ ಬಹಳ ಕಡಿಮೆ. 1979ರ ನವೆಂಬರ್ 9ರಂದು ಅಮೆರಿಕದ ವಾಯುರಕ್ಷಣಾ ಕೇಂದ್ರದಲ್ಲಿ ತರಬೇತಿಗೆಂದು ಇಟ್ಟಿದ್ದ ಅಣಕು ದಾಳಿಯ ಮಾಹಿತಿ ನಿಜವಾದ ವ್ಯವಸ್ಥೆಗೆ ಸೇರಿಕೊಂಡು, ಸೋವಿಯತ್ ಕ್ಷಿಪಣಿಗಳು ಹೊರಟಿವೆಯೆಂದು ಪರದೆಗಳು ತೋರಿಸಿದವು. 1980ರ ಜೂನ್ 3ರಂದು ಮತ್ತೊಮ್ಮೆ ಅಂಥದ್ದೇ ಎಚ್ಚರಿಕೆ ಮೊಳಗಿತು; ಕಾರಣ ಹುಡುಕಿದಾಗ ಸಿಕ್ಕಿದ್ದು 46 ಸೆಂಟ್ ಬೆಲೆಯ ಒಂದು ಕೆಟ್ಟ ಚಿಪ್. ಚಿತ್ರ ತೆರೆಕಂಡದ್ದು ಸರಿಯಾಗಿ ಮೂರು ವರ್ಷದ ನಂತರ, ಅದೇ ಜೂನ್ 3ರಂದು.

ಹೀಗಿದ್ದೂ ವಾಷಿಂಗ್ಟನ್ನಿನ ನೆನಪಿನಲ್ಲಿ ಉಳಿದದ್ದು ಹುಡುಗನೊಬ್ಬನೇ. ಆ ಬೇಸಿಗೆಯಲ್ಲಿ ಮಿಲ್ವಾಕಿ ನಗರದ ಕೆಲವು ಹುಡುಗರು ತಮ್ಮ ಊರಿನ ದೂರವಾಣಿ ಸಂಕೇತವಾದ 414 ಎಂಬ ಸಂಖ್ಯೆಯನ್ನೇ ಗುಂಪಿನ ಹೆಸರಾಗಿಸಿಕೊಂಡು, ಪರಮಾಣು ಅಸ್ತ್ರಗಳ ಲಾಸ್ ಅಲಮೋಸ್ ಪ್ರಯೋಗಾಲಯವೂ ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಆಸ್ಪತ್ರೆಯೂ ಸೇರಿದಂತೆ ಹತ್ತಾರು ಕಡೆಯ ಕಂಪ್ಯೂಟರುಗಳಿಗೆ ನುಗ್ಗಿದ್ದರು. ಅವರ ಅಸ್ತ್ರ ಕಂಪ್ಯೂಟರಿನ ಜೊತೆಗೆ ಕಾರ್ಖಾನೆಯಿಂದ ಬಂದ, ಯಾರೂ ಬದಲಾಯಿಸುವ ಗೋಜಿಗೆ ಹೋಗದ ಪಾಸ್‌ವರ್ಡುಗಳು. (ಚಿತ್ರದಲ್ಲಿಯೂ ಅಷ್ಟೆ: ಶಾಲೆಯ ಕಚೇರಿಯವರು ಪಾಸ್‌ವರ್ಡನ್ನು ಆಗಾಗ ತಪ್ಪದೆ ಬದಲಾಯಿಸಿ, ಹೊಸದನ್ನು ಮೇಜಿನಲ್ಲಿರುವ ಚೀಟಿಯಲ್ಲಿ ಅಷ್ಟೇ ತಪ್ಪದೆ ಬರೆದಿಡುತ್ತಾರೆ. ನಮ್ಮ ಯಾವುದೇ ಕಚೇರಿಯ ಕೀಬೋರ್ಡನ್ನು ಎತ್ತಿ ನೋಡಿದರೆ ಆ ಚೀಟಿ ಇವತ್ತಿಗೂ ಸಿಕ್ಕೀತು.) ಸೆಪ್ಟೆಂಬರ್ 26ರಂದು ಆ ಗುಂಪಿನ 17 ವರ್ಷದ ಹುಡುಗನೊಬ್ಬನನ್ನು ಸಂಸತ್ತಿನ ಉಪಸಮಿತಿಯ ಮುಂದೆ ಕರೆಸಲಾಯಿತು. ವಿಚಾರಣೆಯಲ್ಲಿ ಸಮಸ್ಯೆಯನ್ನು ಅರ್ಥಮಾಡಿಸಲೆಂದು ‘ವಾರ್‌ಗೇಮ್ಸ್’ ಚಿತ್ರದ ಕೆಲವು ನಿಮಿಷಗಳ ತುಣುಕನ್ನೂ ತೋರಿಸಿದರು.

ಅದೇ ಸೆಪ್ಟೆಂಬರ್ 26ರ ನಡುರಾತ್ರಿ ಕಳೆದ ಮೇಲೆ, ಮಾಸ್ಕೋದ ಹೊರಗಿನ ಸೆರ್ಪುಖೋವ್-15 ಎಂಬ ನೆಲೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಸ್ತಾನಿಸ್ಲಾವ್ ಪೆಟ್ರೋವ್ ಪಾಳಿಯಲ್ಲಿದ್ದರು. ಅಮೆರಿಕ ಐದು ಕ್ಷಿಪಣಿಗಳನ್ನು ಹಾರಿಸಿದೆಯೆಂದು ಉಪಗ್ರಹ ವ್ಯವಸ್ಥೆ ಕೂಗಿಕೊಂಡಿತು. ಯುದ್ಧ ಹೂಡುವವರು ಬರೀ ಐದನ್ನು ಹಾರಿಸುತ್ತಾರೆಯೇ ಎಂಬ ಸರಳ ತರ್ಕದಿಂದ, ಜೊತೆಗೆ ಆ ವ್ಯವಸ್ಥೆ ತೀರಾ ಹೊಸದೆಂಬ ಅನುಮಾನದಿಂದ, ಅವರು ಅದನ್ನು ಸುಳ್ಳು ಎಚ್ಚರಿಕೆಯೆಂದು ಮೇಲಿನವರಿಗೆ ವರದಿಮಾಡಿದರು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲಿನ ಪ್ರತಿಫಲನವನ್ನು ಉಪಗ್ರಹ ಕ್ಷಿಪಣಿಯ ಜ್ವಾಲೆಯೆಂದು ಎಣಿಸಿತ್ತೆಂಬುದು ಆಮೇಲೆ ತಿಳಿದುಬಂತು. ಚಿತ್ರದ ಮೊದಲ ದೃಶ್ಯ, ಪಿಸ್ತೂಲೊಂದನ್ನು ಬಿಟ್ಟು, ನಿಜಜೀವನದಲ್ಲಿ ನಡೆದುಹೋದ ದಿನ ಅದು. ಅಂದೇ ಅಮೆರಿಕದ ಸಂಸತ್ತು ಮಿಲ್ವಾಕಿಯ ಹುಡುಗನನ್ನು ವಿಚಾರಿಸಿಕೊಳ್ಳುತ್ತಿತ್ತು. ಪೆಟ್ರೋವ್ ವಿಷಯ ಆಗ ಅವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ, ಒಪ್ಪುತ್ತೇನೆ. ಆದರೆ ತಮ್ಮದೇ ದೇಶದ 46 ಸೆಂಟ್ ಚಿಪ್ಪಿನ ವಿಷಯ ತಿಳಿದಿತ್ತಲ್ಲ!

ಕಾನೂನು ಬಂತು. 1984ರ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ ಕಂಪ್ಯೂಟರ್ ಅತಿಕ್ರಮಣದ ಕಲಮುಗಳು ಸೇರಿದವು. ಅದಕ್ಕೆ ಸಂಬಂಧಿಸಿದ ಸಂಸದೀಯ ಸಮಿತಿಯ ವರದಿ ‘ವಾರ್‌ಗೇಮ್ಸ್’ ಚಿತ್ರವನ್ನು ಹೆಸರಿಸಿ, ಮನೆಯ ಕಂಪ್ಯೂಟರುಗಳ ಸಾಮರ್ಥ್ಯವನ್ನು ಅದು ವಾಸ್ತವಕ್ಕೆ ಹತ್ತಿರವಾಗಿ ತೋರಿಸಿದೆಯೆಂದು ಮೆಚ್ಚಿಕೊಂಡಿತು. 1986ರಲ್ಲಿ ಅದು ಕಂಪ್ಯೂಟರ್ ವಂಚನೆ ಮತ್ತು ದುರ್ಬಳಕೆ ಕಾಯ್ದೆಯಾಗಿ ಬೆಳೆಯಿತು. ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸುವುದರ ಜೊತೆಗೆ ಅನುಮತಿಯ ಮಿತಿಯನ್ನು ಮೀರುವುದೂ ಅಪರಾಧವಾಯಿತು. ಮಿತಿಯೆಂದರೆ ಯಾವುದು, ಅದನ್ನು ಗೊತ್ತುಮಾಡುವವರು ಯಾರು ಎಂಬುದು ಮಾತ್ರ ಮಸುಕಾಗಿಯೇ ಉಳಿದು, ಜಾಲತಾಣಗಳ ಷರತ್ತುಗಳನ್ನು ಮುರಿಯುವುದೂ ಜೈಲಿಗೆ ದಾರಿಯೇ ಎಂದು ನ್ಯಾಯಾಲಯಗಳು ದಶಕಗಳ ಕಾಲ ಜಗ್ಗಾಡಿದವು. ಎಂಐಟಿ ವಿಶ್ವವಿದ್ಯಾಲಯದ ಜಾಲದ ಮೂಲಕ ಲಕ್ಷಾಂತರ ಸಂಶೋಧನಾ ಲೇಖನಗಳನ್ನು ಇಳಿಸಿಕೊಂಡ ಪ್ರೋಗ್ರಾಮರ್ ಏರನ್ ಸ್ವಾರ್ಟ್ಸ್ ಮೇಲೆ ಹೊರಿಸಿದ ಆರೋಪಗಳಲ್ಲಿ ಬಹುಪಾಲು ಈ ಕಾಯ್ದೆಯವು. 2013ರ ಜನವರಿಯಲ್ಲಿ, ಮೊಕದ್ದಮೆಯ ವಿಚಾರಣೆ ಆರಂಭವಾಗುವ ಮೊದಲೇ, ಅವರು 26ನೆಯ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡರು. ಕೊನೆಗೆ ಜಾರ್ಜಿಯಾದ ಪೊಲೀಸನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ಕಾಯ್ದೆಯ ಬಾಹುಗಳನ್ನು ಮೊಟಕುಗೊಳಿಸಿತು. ಅದು 2021ರಲ್ಲಿ, ಮತ್ತು ನೀವು ನಂಬುವುದಿಲ್ಲ, ಅದೂ ಜೂನ್ 3ರಂದೇ. ನನಗೆ ಪಂಚಾಂಗದಲ್ಲಿ ನಂಬಿಕೆಯಿಲ್ಲ, ಆದರೆ ಈ ತಾರೀಕಿನ ಬಗ್ಗೆ ಸ್ವಲ್ಪ ಯೋಚಿಸಬೇಕಾಗಿದೆ.

ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಇದೇ ಅನುಮತಿಯ ತತ್ವದ ಮೇಲೆ ನಿಂತಿದೆ. ಅದರ 66ನೆಯ ಕಲಮಿನಲ್ಲಿ ಅಪ್ರಾಮಾಣಿಕತೆ ಅಥವಾ ವಂಚನೆಯ ಉದ್ದೇಶ ಇರಬೇಕೆಂದು 2008ರ ತಿದ್ದುಪಡಿ ಹೇಳಿದ್ದರಿಂದ ಆ ಮಟ್ಟಿಗೆ ನಮ್ಮದು ವಾಸಿ. ಆದರೆ ಪರಿಹಾರ ಕೊಡಿಸುವ 43ನೆಯ ಕಲಮಿಗೆ ಅಂಥ ಉದ್ದೇಶವೇ ಬೇಕಿಲ್ಲ. ಯಾವುದೋ ಕಂಪನಿಯ ಜಾಲತಾಣದಲ್ಲಿ ಲೋಪ ಕಂಡ ಬೆಂಗಳೂರಿನ ಹುಡುಗಿಯೊಬ್ಬಳು ಅದನ್ನು ಅವರಿಗೆ ತಿಳಿಸುವ ಮೊದಲು ಎರಡು ಸಲ ಯೋಚಿಸಲು ಅಷ್ಟು ಸಾಕು.

ಹುಡುಗರನ್ನು ಶಿಕ್ಷಿಸಲೇಬಾರದು ಎಂಬುದು ನನ್ನ ವಾದವಲ್ಲ. ಆಸ್ಪತ್ರೆಯ ಕಂಪ್ಯೂಟರಿಗೆ ಕೈಹಾಕುವುದು ಆಟವಲ್ಲ. ಆದರೆ ಬಾಗಿಲಿಗೆ ಬೀಗವನ್ನೇ ಹಾಕದ ಸಂಸ್ಥೆಗೆ ಅಮೆರಿಕದ ಆ ಕಾಯ್ದೆಯಲ್ಲಿ ಒಂದು ಡಾಲರಿನ ದಂಡವೂ ಇರಲಿಲ್ಲ, ನಿರ್ಧಾರವನ್ನು ಕಂಪ್ಯೂಟರಿಗೆ ಒಪ್ಪಿಸುವ ಅಧಿಕಾರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಶಾಸಕರ ಸಿನಿಮಾ ಪ್ರೇಮ ಎಲ್ಲಿಗೆ ಮುಗಿಯುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ರೇಗನ್ ಅವರದೇ ಇನ್ನೊಂದು ವೈಜ್ಞಾನಿಕ ಕಥೆಯಿತ್ತು. 1940ರಲ್ಲಿ, ನಟರಾಗಿದ್ದ ಕಾಲಕ್ಕೆ, ವಿಮಾನಗಳನ್ನು ಆಕಾಶದಲ್ಲಿಯೇ ನಿಷ್ಕ್ರಿಯಗೊಳಿಸುವ ಕಿರಣಯಂತ್ರವನ್ನು ಕಾಪಾಡುವ ಗುಪ್ತಚರನ ಪಾತ್ರವನ್ನು ಅವರು ಮಾಡಿದ್ದರು. 1983ರ ಮಾರ್ಚ್ 23ರಂದು ಅಧ್ಯಕ್ಷರಾಗಿ ದೇಶಕ್ಕೆ ಹೆಚ್ಚುಕಡಿಮೆ ಅದನ್ನೇ ವಾಗ್ದಾನ ಮಾಡಿದರು. ಕ್ಷಿಪಣಿಗಳನ್ನು ಬಾಹ್ಯಾಕಾಶದಿಂದ ತಡೆಯುವ ಆ ಯೋಜನೆಗೆ ಸುಮಾರು 3,000 ಕೋಟಿ ಡಾಲರ್ ಕರಗಿತು, ಗುರಾಣಿ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಡೊನಾಲ್ಡ್ ಟ್ರಂಪ್ ‘ಗೋಲ್ಡನ್ ಡೋಮ್’ ಎಂಬ ಹೆಸರಿನಲ್ಲಿ ಅಂಥದ್ದೇ ಗುರಾಣಿಗೆ 17,500 ಕೋಟಿ ಡಾಲರ್ ಅಂದಾಜು ಮುಂದಿಟ್ಟಿದ್ದಾರೆ. ಗೆಲ್ಲಿಸುವ ಯಂತ್ರದ ಕಥೆಗೆ ಹಣ ಸಲೀಸಾಗಿ ಹೊರಡುತ್ತದೆ.

ಇತ್ತೀಚಿನ ಪ್ರಸಂಗಕ್ಕೂ ರಂಗಸ್ಥಳ ಕ್ಯಾಂಪ್ ಡೇವಿಡ್ಡೇ. 2023ರಲ್ಲಿ ಜೋ ಬೈಡನ್ ಅಲ್ಲಿ ‘ಮಿಷನ್ ಇಂಪಾಸಿಬಲ್’ ಸರಣಿಯ ಹೊಸ ಚಿತ್ರವನ್ನು ನೋಡಿದರು. ಅದರ ಖಳನಾಯಕ ಹತೋಟಿ ತಪ್ಪಿದ ಕೃತಕ ಬುದ್ಧಿಮತ್ತೆ. ಮೊದಲೇ ಇದ್ದ ಆತಂಕ ಚಿತ್ರ ನೋಡಿದ ಮೇಲೆ ಇನ್ನಷ್ಟು ಹೆಚ್ಚಿತೆಂದು ಅವರ ಆಪ್ತ ಅಧಿಕಾರಿ ಬ್ರೂಸ್ ರೀಡ್ ಸುದ್ದಿಗಾರರಿಗೆ ಹೇಳಿದರು. ಅಕ್ಟೋಬರ್ 30ರಂದು ಕೃತಕ ಬುದ್ಧಿಮತ್ತೆಯ ಕುರಿತ ದೀರ್ಘ ಆದೇಶಕ್ಕೆ ಬೈಡನ್ ಸಹಿ ಹಾಕಿದರು. ಬಲಿಷ್ಠ ಮಾದರಿಗಳನ್ನು ಕಟ್ಟುವವರು ಸುರಕ್ಷತಾ ಪರೀಕ್ಷೆಗಳ ಫಲಿತಾಂಶವನ್ನು ಸರ್ಕಾರಕ್ಕೆ ಕೊಡಬೇಕೆಂಬ ಷರತ್ತು ಅದರಲ್ಲಿತ್ತು. ಅಂದರೆ ಈ ಸಲ ಪ್ರಶ್ನೆ ಹುಡುಗನನ್ನು ದಾಟಿ ಯಂತ್ರ ಕಟ್ಟಿದವರವರೆಗೆ ತಲುಪಿತ್ತು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಅದನ್ನು ರದ್ದುಮಾಡಿದರು.

ಅದಕ್ಕೆ ಎರಡು ತಿಂಗಳು ಮೊದಲು, 2024ರ ನವೆಂಬರಿನಲ್ಲಿ, ಬೈಡನ್ ಮತ್ತು ಷಿ ಜಿನ್‌ಪಿಂಗ್ ಪೆರು ದೇಶದ ಲಿಮಾದಲ್ಲಿ ಭೇಟಿಯಾಗಿ, ಪರಮಾಣು ಅಸ್ತ್ರ ಬಳಸುವ ನಿರ್ಧಾರ ಮನುಷ್ಯರ ಕೈಯಲ್ಲಿಯೇ ಉಳಿಯಬೇಕೆಂದು ಒಪ್ಪಿಕೊಂಡರು. ಚಿತ್ರದ ಮೊದಲ ದೃಶ್ಯ ಅಧಿಕಾರಸ್ಥರ ಕಿವಿಗೆ ಬೀಳಲು 41 ವರ್ಷ ಬೇಕಾಯಿತು. ಅದಾದರೂ ಒಂದು ಹೇಳಿಕೆ ಮಾತ್ರ. ಅದನ್ನು ಮುರಿದವರಿಗೆ ಯಾವ ಶಿಕ್ಷೆಯೂ ಇಲ್ಲ. ಪಾಸ್‌ವರ್ಡ್ ಊಹಿಸಿದ ಹುಡುಗನಿಗೆ ಬರೆದ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ.