ಮೂರು ಸಲ ಆರಿಸಿದ ಅಕ್ಕಿ

ಯಹೂದಿಗಳ ಪೆಸಖ್ ಹಬ್ಬದ ನಾಲ್ಕನೇ ದಿನ ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. ಕಾರ್ಕಳ ಕಡೆಯ ಹುಡುಗಿ. ಇಸ್ರೇಲಿಗೆ ಬಂದು ಎರಡೂವರೆ ತಿಂಗಳಾಗಿದೆ. ಹೈಫಾದಲ್ಲಿ ಒಬ್ಬ ಅಜ್ಜನನ್ನು ನೋಡಿಕೊಳ್ಳುವ ಕೆಲಸ.

"ಅಕ್ಕ, ಇಲ್ಲಿ ಹಬ್ಬ ಮುಗಿಯೋವರೆಗೆ ಅನ್ನ ಮಾಡೋ ಹಾಗಿಲ್ಲ. ನಾಲ್ಕು ದಿನದಿಂದ ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು ತಿಂತಿದ್ದೇನೆ. ಇನ್ನೂ ಮೂರು ದಿನ ಇದೆಯಂತೆ."

"ಅನ್ನ ಮಾಡಬೇಡ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅವರು ಮಾಡ್ತಿಲ್ಲ. ಹಬ್ಬದ ಹಿಂದಿನ ದಿನ ಬ್ರೆಡ್ಡು, ಬಿಸ್ಕೆಟ್ಟು, ಅಕ್ಕಿ ಎಲ್ಲ ಒಂದು ಕಪಾಟಿಗೆ ತುಂಬಿ ಟೇಪ್ ಅಂಟಿಸಿಬಿಟ್ರು."

"ನೀನು ಕೇಳಲಿಲ್ವಾ?"

"ಹೇಗೆ ಕೇಳೋದಕ್ಕ..."

ಅವಳ ಸೂಟ್‌ಕೇಸಿನಲ್ಲಿ ಅಮ್ಮ ಕಟ್ಟಿಕೊಟ್ಟ ಎರಡು ಕಿಲೋ ಕುಚ್ಚಲಕ್ಕಿ ಇತ್ತು. ಮಂಚದ ಕೆಳಗೇ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳಿಗೆ ಏನು ಹೇಳಿದೆ ಅನ್ನೋದನ್ನು ಆಮೇಲೆ ಬರೆಯುತ್ತೇನೆ. ಮೊದಲು ಆ "ಹೇಗೆ ಕೇಳೋದು" ಅನ್ನುವ ಮಾತಿನ ಬಗ್ಗೆ ಹೇಳಬೇಕು. ಒಂಬತ್ತು ವರ್ಷದ ಹಿಂದೆ ಅದು ನನ್ನದೇ ಮಾತಾಗಿತ್ತು.

ನಮ್ಮ ಮಂಗಳೂರು, ಉಡುಪಿ ಕಡೆಯವರು ತುಂಬಾ ಜನ ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇವೆ. ಇಪ್ಪತ್ನಾಲ್ಕು ಗಂಟೆ ಅವರ ಮನೆಯಲ್ಲೇ ವಾಸ. ಅವರ ಅಡುಗೆಮನೆಯೇ ನಮ್ಮ ಅಡುಗೆಮನೆ, ಅವರ ಹಬ್ಬವೇ ನಮ್ಮ ದಿನಚರಿ. ಊರಲ್ಲಿ ನಮಗೆ ಬಿಪಿ ನೋಡೋದು, ಮಂಚದಿಂದ ಗಾಲಿಕುರ್ಚಿಗೆ ಕೂರಿಸೋದು ಕಲಿಸುತ್ತಾರೆ. ಆ ಮನೆಯಲ್ಲಿ ಹಾಲಿನ ಚಮಚ ಬೇರೆ, ಮಾಂಸದ ಚಮಚ ಬೇರೆ ಅಂತ ಯಾರೂ ಹೇಳಿಕೊಡೋದಿಲ್ಲ.

ನಾನು ಬೆಳೆದ ಮನೆಯಲ್ಲಿ ಪ್ರಶ್ನೆ ಕೇಳೋದು ಅಂದರೆ ಎದುರು ಮಾತಾಡೋದು. ನಮ್ಮದು ಉಡುಪಿ ಹತ್ತಿರದ ಕ್ರೈಸ್ತ ಕುಟುಂಬ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಬರೀ ತರಕಾರಿ ಊಟ. ಬಗೆಗಳು ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯಲ್ಲೇ ಇರಬೇಕು. "ಯಾಕಮ್ಮಾ ಎಂಟಾದರೆ ಆಗಲ್ವಾ?" ಅಂತ ಕೇಳಿದ್ದೆ, ಏಳನೇ ಕ್ಲಾಸಿನಲ್ಲಿ. "ಸುಮ್ನೆ ಕೂತು ತಿನ್ನು" ಅಂದರು. ಅಮ್ಮನಿಗೂ ಅವರ ಅಮ್ಮ ಹಾಗೇ ಹೇಳಿದ್ದಿರಬೇಕು. ಅಮ್ಮನ ಮೇಲೆ ನನಗೆ ಬೇಸರವಿಲ್ಲ. ಆದರೆ ಆ "ಸುಮ್ನೆ" ನನ್ನ ಜೊತೆ ವಿಮಾನ ಹತ್ತಿ ಇಲ್ಲಿಗೂ ಬಂತು.

ನಾನು ನೋಡಿಕೊಳ್ಳುವ ಅಜ್ಜಿ ಬಾಗ್ದಾದಿನವರು. ಸವ್ತಾ ಅಂತ ಕರೆಯುತ್ತೇನೆ, ಹೀಬ್ರೂವಿನಲ್ಲಿ ಅಜ್ಜಿ ಅಂತ ಅರ್ಥ. 1950, 51ರಲ್ಲಿ ಇರಾಕಿನಿಂದ ಸುಮಾರು 1,20,000 ಯಹೂದಿಗಳು ಮನೆ ಮಠ ಬಿಟ್ಟು ಇಲ್ಲಿಗೆ ಬಂದರು. ಅವರಲ್ಲಿ ಇವರೂ ಒಬ್ಬರು, ಒಂಬತ್ತು ವರ್ಷದ ಹುಡುಗಿ. ಈಗ ರಾಮತ್ ಗಾನ್‌ನಲ್ಲಿ ಮನೆ, ಇರಾಕಿನವರು ಜಾಸ್ತಿ ಇರುವ ಊರು. ಬಂದ ಮೊದಲ ವಾರ ಅವರ ಫ್ರಿಜ್ಜಿನಲ್ಲಿ ಹಳದಿ ಮಾವಿನ ಉಪ್ಪಿನಕಾಯಿ ಸಿಕ್ಕಿತು. ಹೆಸರು ಅಂಬಾ. ನಮ್ಮ ಕೊಂಕಣಿಯಲ್ಲಿ ಮಾವಿಗೆ ಆಂಬೊ. ಪದಾರ್ಥವೂ ಹೆಸರೂ ನಮ್ಮ ದೇಶದಿಂದಲೇ ಬಾಗ್ದಾದಿಗೆ ಹೋದದ್ದು. ಆ ಬಾಟಲಿ ಹಿಡಿದುಕೊಂಡು ನಾನು ಸ್ವಲ್ಪ ಅತ್ತೆ. ಆದರೂ ಏನೂ ಕೇಳಲಿಲ್ಲ.

ಮೊದಲ ಪೆಸಖ್ ಬಂತು. ನಮ್ಮ ಕನ್ನಡ ಬೈಬಲಿನಲ್ಲಿ ಇದನ್ನು ಪಸ್ಕ ಹಬ್ಬ ಅಂತಲೂ ಹುಳಿಯಿಲ್ಲದ ರೊಟ್ಟಿಯ ಹಬ್ಬ ಅಂತಲೂ ಓದಿದ್ದೇವೆ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟಾಗ ಹಿಟ್ಟು ಹುದುಗಲು ಸಮಯ ಇರಲಿಲ್ಲ, ಹುಳಿ ಬರದ ರೊಟ್ಟಿಯನ್ನೇ ತಿಂದರು ಅನ್ನೋ ಕಥೆ. ಕಥೆ ಗೊತ್ತಿತ್ತು. ಮನೆಯಲ್ಲಿ ಅದು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ಗೋಧಿ, ಬಾರ್ಲಿ, ರೈ, ಓಟ್ಸ್, ಗೋಧಿ ಜಾತಿಯದೇ ಆದ ಸ್ಪೆಲ್ಟ್, ಈ ಐದು ಧಾನ್ಯದ ಹಿಟ್ಟು ನೀರು ಸೋಕಿ 18 ನಿಮಿಷದೊಳಗೆ ಬೇಯದಿದ್ದರೆ ಅದು ಖಮೇತ್ಸ್, ಹುಳಿ ಬಂದದ್ದು. ಅದರ ಒಂದು ಚೂರೂ ಮನೆಯಲ್ಲಿ ಇರಬಾರದು; ಉಳಿದದ್ದನ್ನು ಹಬ್ಬದ ಮಟ್ಟಿಗೆ ಬೇರೆ ಧರ್ಮದವರಿಗೆ ಮಾರಿದ ಲೆಕ್ಕ ಮಾಡಿ ಕಪಾಟಿನಲ್ಲಿ ಮುಚ್ಚಿಡುವವರೂ ಇದ್ದಾರೆ. ಹಬ್ಬದ ಹಿಂದಿನ ರಾತ್ರಿ ದೀಪ ಆರಿಸಿ, ಮೇಣದಬತ್ತಿ ಹಿಡಿದು ಮೂಲೆ ಮೂಲೆ ಹುಡುಕುತ್ತಾರೆ. ಸಿಕ್ಕಿದ ಚೂರನ್ನು ಹಕ್ಕಿಯ ಗರಿಯಿಂದ ಗುಡಿಸಿ, ಬೆಳಿಗ್ಗೆ ಸುಡುತ್ತಾರೆ. ನಾನು ಎರಡು ವಾರ ಮನೆ ಉಜ್ಜಿದೆ, ಸೋಫಾ ಸಂದಿಯನ್ನೂ ಬಿಡಲಿಲ್ಲ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಸವ್ತಾ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಸಿದರು. ಮೂರು ಕಿಲೋ ಅಕ್ಕಿ ಸುರಿದರು. "ಆರಿಸಬೇಕು. ಮೂರು ಸಲ," ಅಂದರು.

ಅಕ್ಕಿ ಆರಿಸೋದು ನನಗೇನು ಹೊಸದೇ? ಗೆರಸೆ ಹಿಡಿದು ಬೆಳೆದವಳು. ಆದರೆ ಅವರು ಆರಿಸುವ ರೀತಿ ಬೇರೆ. ಒಂದು ಹಿಡಿ ಅಕ್ಕಿಯನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಬೇಕು. ಕಾಳಿನ ಮೇಲೆ ಕಾಳು ಬರಬಾರದು. ಒಂದೊಂದನ್ನೂ ಬೆರಳಲ್ಲಿ ಆಚೆ ತಳ್ಳಬೇಕು. ಕಲ್ಲು ಹುಡುಕೋದಲ್ಲ. ಗೋಧಿ ಹುಡುಕೋದು. ಮೊದಲ ಸಲ ಏನೂ ಸಿಗಲಿಲ್ಲ. ಎರಡನೇ ಸಲ ಒಂದು ಸಿಕ್ಕಿತು, ಉದ್ದ ಸೀಳು ಇರುವ ಕಂದು ಕಾಳು. ಸವ್ತಾ ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಕಿಟಕಿ ಬೆಳಕಿಗೆ ಹಿಡಿದರು. ನಾನು ಸುಮ್ಮನೆ ಮೂರನೇ ಸಲ ಶುರು ಮಾಡಿದೆ.

ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ನೀನು ಯಾಕೆ ಅಂತ ಕೇಳೋದೇ ಇಲ್ವಲ್ಲ ಮಗಳೇ. ಒಂದು ಕಾಳಿಗೆ ಇಷ್ಟೊಂದು ಯಾಕೆ ಅಂತ ಅನಿಸಲಿಲ್ವಾ? ಹೆದರಿಕೆನಾ?"

ನಾನು ತಲೆ ಅಲ್ಲಾಡಿಸಿದೆ. ಹೌದು ಅಂತ.

"ಹೆದರಿಕೊಂಡು ಮಾಡಿದ್ದು ಹಬ್ಬ ಆಗಲ್ಲ. ಕೇಳು."

ಕೇಳಿದೆ. ಹರಕು ಹೀಬ್ರೂವಿನಲ್ಲಿ, ಅವತ್ತು ಮಧ್ಯಾಹ್ನ ಪೂರ್ತಿ ಕೇಳಿದೆ. ಪೋಲೆಂಡ್, ರಷ್ಯಾ, ಜರ್ಮನಿ ಕಡೆಯ ಯಹೂದಿಗಳು ಪೆಸಖ್‌ನಲ್ಲಿ ಅಕ್ಕಿ, ಬೇಳೆ, ಕಡಲೆ ತಿನ್ನೋದಿಲ್ಲ. ಇವುಗಳಿಗೆ ಕಿತ್ನಿಯೋತ್ ಅಂತ ಹೆಸರು. ಸುಮಾರು 13ನೇ ಶತಮಾನದಿಂದ ನಡೆದುಬಂದ ಪದ್ಧತಿ. ಗೋಧಿಯ ಜೊತೆ ಬೆರೆತು ಹೋದೀತು, ಹಿಟ್ಟು ನೋಡಲು ಒಂದೇ ಥರ ಕಂಡೀತು ಅನ್ನೋ ಭಯ. ಇರಾಕಿನವರು ಆ ಪದ್ಧತಿ ಒಪ್ಪಲಿಲ್ಲ. ಅಕ್ಕಿ ತಿನ್ನುತ್ತಾರೆ, ಆದರೆ ಮೂರು ಸಲ ಆರಿಸಿ. ಯಹೂದಿಗಳ ಹಳೇ ಧರ್ಮಗ್ರಂಥವಾದ ಬಾಬಿಲೋನಿನ ತಾಲ್ಮುದ್‌ನಲ್ಲೇ ಒಬ್ಬ ಗುರು ಪೆಸಖ್ ರಾತ್ರಿಯ ಊಟಕ್ಕೆ ಬೀಟ್‌ರೂಟ್ ಮತ್ತು ಅನ್ನ ಇಡಬಹುದು ಅಂದಿದ್ದಾರೆ. ಬಾಬಿಲೋನ್ ಅಂದರೆ ಸವ್ತಾರ ಇರಾಕೇ. "ನಮ್ಮೂರ ಗುರು ಹೇಳಿದ್ದು," ಅಂತ ಅವರು ಹೇಳುವಾಗ ಮುಖ ನೋಡಬೇಕಿತ್ತು. ಅಮೆರಿಕದ ಕನ್ಸರ್ವೇಟಿವ್ ಅನ್ನೋ ಯಹೂದಿ ಪಂಥದವರು 2015ರಲ್ಲಿ ಯುರೋಪ್ ಮೂಲದವರೂ ಅಕ್ಕಿ, ಬೇಳೆ ತಿನ್ನಬಹುದು ಅಂತ ತೀರ್ಮಾನ ಮಾಡಿದರು. ಎಷ್ಟೋ ಮನೆಗಳಲ್ಲಿ ಇನ್ನೂ ತಿನ್ನೋದಿಲ್ಲ.

ಇದೇ ಮನೆಯ ಸೊಸೆ ಪೋಲೆಂಡ್ ಮೂಲದವರು. ಮದುವೆಯಾದ ಮೇಲೆ ಗಂಡನ ಮನೆ ಪದ್ಧತಿ, ಅನ್ನ ತಿನ್ನಬಹುದು. ಮೂವತ್ತು ವರ್ಷವಾದರೂ ಆ ಏಳು ದಿನ ಅನ್ನ ಗಂಟಲಲ್ಲಿ ಇಳಿಯೋದಿಲ್ಲ ಅಂತಾರೆ. ಸವ್ತಾ ಅವರಿಗಾಗಿ ಬೇರೆ ಆಲೂಗಡ್ಡೆ ಮಾಡಿಸುತ್ತಾರೆ. ಒಂದೇ ಮೇಜು, ಎರಡು ಪಾತ್ರೆ. ಯಾರೂ ಯಾರನ್ನೂ ಕೀಳಾಗಿ ನೋಡೋದಿಲ್ಲ.

ಹಬ್ಬದ ಮೊದಲ ರಾತ್ರಿಯ ಊಟಕ್ಕೆ ಸೇದರ್ ಅಂತ ಹೆಸರು. ಅಲ್ಲಿ ಕಥೆ ಶುರುವಾಗೋದೇ ಪ್ರಶ್ನೆಯಿಂದ. ಮನೆಯ ಅತಿ ಚಿಕ್ಕ ಮಗು ಎದ್ದು ಹಾಡುತ್ತದೆ: ಈ ರಾತ್ರಿ ಬೇರೆ ಎಲ್ಲ ರಾತ್ರಿಗಳಿಗಿಂತ ಯಾಕೆ ಬೇರೆ? ಯಾಕೆ ಹುಳಿಯಿಲ್ಲದ ರೊಟ್ಟಿ, ಯಾಕೆ ಕಹಿ ಸೊಪ್ಪು, ಯಾಕೆ ಎರಡು ಸಲ ಅದ್ದಿ ತಿನ್ನೋದು, ಯಾಕೆ ಒರಗಿಕೊಂಡು ಕೂರೋದು? ಆ ಪ್ರಶ್ನೆಗಳಿಗೆ ಉತ್ತರವಾಗಿ ಇಡೀ ಕಥೆ ಹೇಳುತ್ತಾರೆ. ಇರಾಕಿನವರ ಮನೆಗಳಲ್ಲಿ ಇನ್ನೊಂದು ಇದೆ. ಒಂದು ಮಗು ರೊಟ್ಟಿಯ ಗಂಟನ್ನು ಹೆಗಲಿಗೆ ಹಾಕಿಕೊಂಡು ಬರುತ್ತದೆ. ಎಲ್ಲಿಂದ ಬಂದೆ ಅಂತ ದೊಡ್ಡವರು ಕೇಳುತ್ತಾರೆ. ಈಜಿಪ್ಟಿನಿಂದ. ಎಲ್ಲಿಗೆ ಹೋಗ್ತೀಯ? ಜೆರುಸಲೇಮಿಗೆ. ಸವ್ತಾ ಇದನ್ನು ಅರಬ್ಬಿಯಲ್ಲೇ ಕೇಳುತ್ತಾರೆ.

ತಾಲ್ಮುದ್‌ನ ಒಂದು ಸಣ್ಣ ಕಥೆಯನ್ನು ಸವ್ತಾರ ಮಗ ನನಗೆ ಹೇಳಿದರು. ಅಬಾಯೆ ಅನ್ನುವವರು ಗುರು ರಬ್ಬಾರ ಮುಂದೆ ಸೇದರ್‌ಗೆ ಕೂತಿದ್ದರು. ಊಟಕ್ಕೆ ಮುಂಚೆಯೇ ಮೇಜು ಎತ್ತಿಕೊಂಡು ಹೋದರು. "ಇನ್ನೂ ಊಟವೇ ಆಗಿಲ್ಲ, ಮೇಜು ಯಾಕೆ ತೆಗೀತೀರಿ?" ಅಂತ ಅಬಾಯೆ ಕೇಳಿಬಿಟ್ಟರು. ರಬ್ಬಾಗೆ ಖುಷಿ. ನೀನೇ ಕೇಳಿದೆಯಲ್ಲ, ಇನ್ನು ನಾವು ಪ್ರಶ್ನೆ ಹಾಡಬೇಕಾಗಿಲ್ಲ ಅಂದರು. ಪ್ರಶ್ನೆ ಬರಲಿ ಅಂತಲೇ ಮೇಜು ಎತ್ತೋದು! ಅಷ್ಟೇ ಅಲ್ಲ. ಮಗ ಕೇಳದಿದ್ದರೆ ಹೆಂಡತಿ ಕೇಳಬೇಕು, ಒಬ್ಬನೇ ಇದ್ದರೆ ತನ್ನನ್ನು ತಾನೇ ಕೇಳಿಕೊಳ್ಳಬೇಕು. ನಿಯಮವೆಲ್ಲ ಬಲ್ಲ ಇಬ್ಬರು ಪಂಡಿತರು ಕೂತಿದ್ದರೂ ಒಬ್ಬರನ್ನೊಬ್ಬರು ಕೇಳಬೇಕು.

ಅದೇ ರಾತ್ರಿ ಓದುವ ಹಗ್ಗಾದಾ ಪುಸ್ತಕದಲ್ಲಿ ನಾಲ್ಕು ಮಕ್ಕಳ ಮಾತು ಬರುತ್ತದೆ. ಒಬ್ಬ ಜಾಣ, ಒಬ್ಬ ತಲೆಹರಟೆ, ಒಬ್ಬ ಮುಗ್ಧ. ನಾಲ್ಕನೆಯವನು ಕೇಳಲು ಬಾರದವನು. ಅವನ ಬಗ್ಗೆ ಪುಸ್ತಕ ಹೇಳೋದು ಇಷ್ಟೇ: ನೀನೇ ಅವನಿಗೆ ಶುರು ಮಾಡಿಕೊಡು. ಸವ್ತಾರ ಪಕ್ಕದಲ್ಲಿ ಕೂತು ಆ ಸಾಲು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಅಕ್ಕಿ ಆರಿಸುವಾಗ ಅವರು ನನ್ನ ಕೈ ಹಿಡಿದದ್ದು ಅದಕ್ಕೇ.

ಹಾಗಾಗಿ ಇಲ್ಲಿನ ಮನೆಯವರಿಗೂ ನಾನು ಹೇಳೋದಿದೆ, ಹೇಳಿಯೂ ಇದ್ದೇನೆ. ದೂರದ ಊರಿನಿಂದ ಬಂದ ಹುಡುಗಿ ಬಾಯಿ ಬಿಡುತ್ತಿಲ್ಲ ಅಂದರೆ ಎಲ್ಲ ಅರ್ಥವಾಗಿದೆ ಅಂತ ಅಲ್ಲ. ನೀವೇ ಶುರು ಮಾಡಿ. ಏನು ತಿಂದೆ ಅಂತ ಕೇಳಿ. ಹಗ್ಗಾದಾದ ಆರಂಭದಲ್ಲೇ "ಹಸಿದವರೆಲ್ಲ ಬಂದು ಉಣ್ಣಲಿ" ಅಂತ ಇದೆ. ಕಾರ್ಕಳದ ಹುಡುಗಿ ಇದ್ದ ಮನೆಯಲ್ಲೂ ಆ ಸಾಲು ಓದಿದ್ದರು. ಅದೇ ಮನೆಯ ಹಿಂದಿನ ಕೋಣೆಯಲ್ಲಿ ಅವಳು ಅರೆಹೊಟ್ಟೆಯಲ್ಲಿ ಮಲಗಿದಳು. ಅವರು ಕೆಟ್ಟವರಲ್ಲ. ಅವರಿಗೆ ಗೊತ್ತೇ ಆಗಲಿಲ್ಲ.

ಕೇಳಿದರೆ ಏನಾಗುತ್ತದೆ ಅನ್ನೋದಕ್ಕೆ ತೆಂಗಿನಹಾಲಿನ ಕಥೆ ಹೇಳುತ್ತೇನೆ. ಮಾಂಸ ಮತ್ತು ಹಾಲು ಒಟ್ಟಿಗೆ ಬೇಯಿಸಬಾರದು, ಕೋಳಿಗೂ ಅದೇ ನಿಯಮ ಅಂತ ಅಷ್ಟರಲ್ಲಿ ಕಲಿತಿದ್ದೆ. ಕಲಿತದ್ದು ಒಂದು ತಪ್ಪಿನಿಂದ. ಎರಡನೇ ತಿಂಗಳಲ್ಲಿ ಹಾಲಿನ ಚಮಚ ತೆಗೆದು ಕುದಿಯುವ ಕೋಳಿ ಸಾರು ಕಲಸಿಬಿಟ್ಟಿದ್ದೆ. ಬೈಗುಳ ಬರುತ್ತದೆ ಅಂದುಕೊಂಡೆ. ಸವ್ತಾ ರಬ್ಬಿಗೆ, ಅಂದರೆ ಅವರ ಧರ್ಮಗುರುವಿಗೆ, ಫೋನ್ ಮಾಡಿದರು. ಆ ಚಮಚವನ್ನು ಬಿಸಿ ಹಾಲಿಗೆ ಕೊನೆಗೆ ಹಾಕಿದ್ದು ಯಾವಾಗ ಅಂತ ಕೇಳಿದರು ರಬ್ಬಿ. ಎರಡು ದಿನದ ಹಿಂದೆ. 24 ಗಂಟೆ ದಾಟಿದೆಯಲ್ಲ, ಸಾರು ತಿನ್ನಬಹುದು, ಚಮಚವನ್ನು ಕುದಿಯುವ ನೀರಿಗೆ ಅದ್ದಿ ತೆಗೆಯಿರಿ ಅಂದರು. ನನ್ನ ತಪ್ಪಿಗೂ ಅಲ್ಲಿ ಒಂದು ಪ್ರಶ್ನೆ, ಒಂದು ಉತ್ತರ ಇತ್ತು.

ಸವ್ತಾರ ಹುಟ್ಟುಹಬ್ಬಕ್ಕೆ ನಮ್ಮೂರ ಥರ ತೆಂಗಿನಹಾಲು ಹಾಕಿ ಕೋಳಿ ಮಾಡಬೇಕು ಅಂತ ಆಸೆಯಾಯಿತು. ಈ ಸಲ ಮೊದಲೇ ಕೇಳಿದೆ. ತೆಂಗಿನಹಾಲು ಹಾಲಲ್ಲ, ಧಾರಾಳವಾಗಿ ಹಾಕು ಅಂದರು. ಆದರೆ ನೋಡಿದವರಿಗೆ ಹಾಲಿನ ಹಾಗೆ ಕಾಣುತ್ತದಲ್ಲ? ಅದಕ್ಕೂ ದಾರಿ ಇದೆ. ಬಾದಾಮಿ ಹಾಲಿನಲ್ಲಿ ಮಾಂಸ ಮಾಡಿದರೆ ಪಕ್ಕದಲ್ಲಿ ನಾಲ್ಕು ಬಾದಾಮಿ ಇಡಿ, ಜನ ತಪ್ಪು ತಿಳಿಯದ ಹಾಗೆ, ಅಂತ 16ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ನಾನು ತೆಂಗಿನಕಾಯಿ ಒಡೆದು ಎರಡು ಹೋಳನ್ನೂ ಪಾತ್ರೆಯ ಪಕ್ಕ ಇಟ್ಟೆ. ಬಂದವರೆಲ್ಲ ಮೊದಲು ಕಾಯಿ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಬಡಿಸಿಕೊಂಡರು. ಆ ಮೇಜಿನ ಮೇಲೆ ಅವತ್ತು ನನ್ನ ಊರೂ ಇತ್ತು.

ಹೊಸದಾಗಿ ಬರುವ ತಂಗಿಯರೇ, ಮೊದಲ ವಾರವೇ ಕೇಳಿಬಿಡಿ. ಶುಕ್ರವಾರ ಸೂರ್ಯ ಮುಳುಗಿ ಅವರ ವಿಶ್ರಾಂತಿಯ ಸಬ್ಬತ್ ದಿನ ಶುರುವಾದ ಮೇಲೆ ನಾನು ಲೈಟ್ ಸ್ವಿಚ್ ಮುಟ್ಟಬಹುದಾ, ಗ್ಯಾಸ್ ಹಚ್ಚಬಹುದಾ? ಯಾವ ಪಾತ್ರೆ, ಯಾವ ಸಿಂಕ್, ಯಾವ ಸ್ಪಂಜು? ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಲ್ಲಿ ಅವರು 25 ಗಂಟೆ ಉಪವಾಸ ಇರುವಾಗ ನಾನು ಎಲ್ಲಿ ಕೂತು ಊಟ ಮಾಡಲಿ, ಅಜ್ಜಿಯ ಮಾತ್ರೆಗೆ ಏನು ಮಾಡೋದು? ಒಂದು ಮನೆಯ ಉತ್ತರ ಇನ್ನೊಂದು ಮನೆಗೆ ಆಗೋದಿಲ್ಲ. ನನ್ನ ಉತ್ತರವೂ ನಿಮಗೆ ಆಗಲಿಕ್ಕಿಲ್ಲ. ನಿಮ್ಮ ಮನೆಯಲ್ಲೇ ಕೇಳಬೇಕು.

ಅವತ್ತು ರಾತ್ರಿ ಆ ಹುಡುಗಿಗೂ ಇದನ್ನೇ ಹೇಳಿದೆ. ಕಿತ್ನಿಯೋತ್ ಅವರು ತಿನ್ನೋದಿಲ್ಲ ಅಷ್ಟೇ, ಮನೆಯಲ್ಲಿ ಇರಬಾರದು ಅಂತೇನಿಲ್ಲ, ಬೇರೆ ಪಾತ್ರೆ ಇದ್ದರೆ ಆದೀತು. ಆದರೆ ನಾನು ಹೇಳಿದೆ ಅಂತ ಮಾಡಬೇಡ, ಕೇಳು. ಕೇಳೋ ವಾಕ್ಯವನ್ನು ಹೀಬ್ರೂವಿನಲ್ಲಿ ಹೇಳಿಕೊಟ್ಟೆ, ಅವಳು ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು.

ಮರುದಿನ ಮಧ್ಯಾಹ್ನ ಫೋಟೋ ಬಂತು. ಒಲೆಯ ಮೂಲೆಯಲ್ಲಿ ಹೊಸ ಸ್ಟೀಲ್ ಪಾತ್ರೆ, ಹಿಡಿಗೆ ಕೆಂಪು ದಾರ ಕಟ್ಟಿದೆ. ಅಜ್ಜನ ಮಗಳು ಕೇಳಿದ ಕೂಡಲೇ ಅಂಗಡಿಗೆ ಹೋಗಿ ತಂದದ್ದಂತೆ, ಕಣ್ಣಲ್ಲಿ ನೀರು ತುಂಬಿಕೊಂಡು. ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ. ಕೆಳಗೆ ಬರೆದಿದ್ದಳು: "ಅಕ್ಕ, ಅಜ್ಜ ಗಾಲಿಕುರ್ಚಿ ತಳ್ಳಿಕೊಂಡು ಅಡುಗೆಮನೆಗೇ ಬಂದರು. ಈ ಅಕ್ಕಿ ಯಾಕೆ ಇಷ್ಟು ಕೆಂಪು, ಯಾಕೆ ಇಷ್ಟು ದಪ್ಪ ಅಂತ ಕೇಳ್ತಿದ್ದಾರೆ. ಭತ್ತ ಬೇಯಿಸಿ ಒಣಗಿಸೋದು ಅನ್ನೋದಕ್ಕೆ ಹೀಬ್ರೂವಿನಲ್ಲಿ ಏನಂತಾರೆ?"