ಶಟ್ ಡೌನ್ ಎಂಬ ಕಳ್ಳನಿದ್ದೆ

ಕಂಪ್ಯೂಟರ್ ಕೈಕೊಟ್ಟಾಗ ಯಾರನ್ನೇ ಕೇಳಿ, ಮೊದಲು ಬರುವ ಮಾತು ಒಂದೇ: "ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?" ಕೇಳಿಸಿಕೊಂಡವರಿಗೆ ಮೈಯೆಲ್ಲ ಉರಿ. ನಾಲ್ಕು ಸಲ ಮಾಡಿ ಆಗಿದೆ, ಪ್ರಿಂಟರ್ ಇನ್ನೂ ಮೌನವ್ರತ ಬಿಟ್ಟಿಲ್ಲ. ಇಲ್ಲಿ ಕೇಳಿದವರೂ ಸರಿ, ಹೇಳಿದವರೂ ಸರಿ. ಸುಳ್ಳು ಹೇಳುತ್ತಿರುವುದು ವಿಂಡೋಸ್‌ನ ಶಟ್ ಡೌನ್ ಬಟನ್.

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಒಳಗೆ ಕೂತಿದೆ. ಶಟ್ ಡೌನ್ ಒತ್ತಿದರೆ ನೀವು ತೆರೆದ ಪ್ರೋಗ್ರಾಮುಗಳೆಲ್ಲ ಮುಚ್ಚುತ್ತವೆ, ಅದು ನಿಜ. ಆದರೆ ಕರ್ನೆಲ್ ಎಂಬ ಒಳಗಿನ ಯಜಮಾನ, ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಡ್ರೈವರ್‌ಗಳ ಪರಿವಾರ ಸಮೇತ, ತಾನಿರುವ ಸ್ಥಿತಿಯನ್ನು ಡಿಸ್ಕಿನ ಒಂದು ಫೈಲಿಗೆ ಬರೆದಿಟ್ಟು ಮಲಗುತ್ತಾನೆ. ಬೆಳಿಗ್ಗೆ ಎದ್ದವನೇ ಅದನ್ನು ಓದಿಕೊಂಡು, ಪ್ರಿಂಟರ್ ಜೊತೆಗಿನ ನಿನ್ನೆಯ ಮುನಿಸನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಾನೆ. ನಂಬಿಕೆ ಬರದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ, 'ಅಪ್ ಟೈಮ್' ನೋಡಿ. ದಿನಾ ರಾತ್ರಿ ತಪ್ಪದೆ ಆಫ್ ಮಾಡಿದ ಯಂತ್ರ ಹನ್ನೊಂದು ದಿನದಿಂದ ಕಣ್ಣೇ ಮುಚ್ಚಿಲ್ಲ ಎಂದು ಲೆಕ್ಕ ಕೊಡುತ್ತಿರುತ್ತದೆ.

ಆದ್ದರಿಂದ ವಿಂಡೋಸ್‌ನಲ್ಲಿ ನಿಜವಾಗಿ ಸತ್ತು ಹುಟ್ಟುವ ಬಟನ್ ರೀಸ್ಟಾರ್ಟ್. ಶಟ್ ಡೌನನ್ನೇ ನಿಜ ಮಾಡಿಸಬೇಕಿದ್ದರೆ ಶಿಫ್ಟ್ ಕೀ ಹಿಡಿದುಕೊಂಡು ಅದನ್ನು ಒತ್ತಬೇಕು. ಈ ನಾಟಕವೇ ಬೇಡ ಎನ್ನುವವರು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಕೊಂಡಿ ಒತ್ತಬೇಕು. ಅಲ್ಲಿ ಫಾಸ್ಟ್ ಸ್ಟಾರ್ಟಪ್ ಮಂಕಾಗಿ ಕಾಣುತ್ತದೆ, ಟಿಕ್ ತೆಗೆಯಲು ಬಿಡುವುದಿಲ್ಲ. ಮೇಲಿರುವ 'ಸದ್ಯ ಲಭ್ಯವಿಲ್ಲದ ಸೆಟ್ಟಿಂಗ್ ಬದಲಿಸಿ' ಎಂಬ ಸಾಲನ್ನು ಒತ್ತಿದರೆ ಲಭ್ಯವಾಗುತ್ತದೆ. ಲಭ್ಯವಿಲ್ಲದ್ದನ್ನು ಲಭ್ಯವಿಲ್ಲ ಎಂದು ಬರೆದ ಜಾಗವನ್ನೇ ಒತ್ತಿ ಪಡೆಯುವುದು! ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇರುವ ಯಂತ್ರದಲ್ಲಿ ಇದನ್ನು ತೆಗೆದರೆ ಆನ್ ಆಗುವುದು ತಡವಾಯಿತು ಎಂದು ಗೊತ್ತಾಗುವುದೂ ಕಷ್ಟ.

ಹಾಗಂತ ಮ್ಯಾಕ್ ಸತ್ಯಹರಿಶ್ಚಂದ್ರನ ವಂಶವೇನಲ್ಲ. ಅಲ್ಲಿ ಶಟ್ ಡೌನ್ ನಿಜ, ಸುಳ್ಳು ಇರುವುದು ಎಡ ಮೂಲೆಯ ಕೆಂಪು ಗುಂಡಿಯಲ್ಲಿ. ಅದನ್ನು ಒತ್ತಿದರೆ ಕಿಟಕಿ ಮುಚ್ಚುತ್ತದೆ, ಹೆಚ್ಚಿನ ಅಪ್ಲಿಕೇಶನ್‌ಗಳು ಮಾತ್ರ ಕಿಟಕಿ ಹಾಕಿಕೊಂಡು ಒಳಗೇ ಕೂತಿರುತ್ತವೆ. ಕೆಳಗಿನ ಡಾಕ್‌ನಲ್ಲಿ ಐಕಾನಿನ ಅಡಿ ಚಿಕ್ಕ ಚುಕ್ಕೆ ಕಂಡರೆ ಮನೆಯಲ್ಲಿ ಜನ ಇದ್ದಾರೆ ಎಂದರ್ಥ. ಹೊರಗೆ ಕಳಿಸಲು ಕಮಾಂಡ್ ಮತ್ತು ಕ್ಯೂ. ಟ್ಯಾಬ್ ಒಂದನ್ನಷ್ಟೇ ಮುಚ್ಚಲು ಕಮಾಂಡ್ ಮತ್ತು ಡಬ್ಲ್ಯೂ. ಈ ಎರಡು ಕೀಗಳು ಪಕ್ಕಪಕ್ಕದಲ್ಲಿವೆ ಎಂಬುದು ಸಾಮಾನ್ಯವಾಗಿ ಗೊತ್ತಾಗುವುದು ಇಪ್ಪತ್ತು ಟ್ಯಾಬ್ ಒಟ್ಟಿಗೆ ಮಾಯವಾದ ಮೇಲೆ.

ವಿಂಡೋಸ್‌ನಿಂದ ಮ್ಯಾಕ್‌ಗೆ ಬಂದವರಿಗೆ ಎಂಟರ್ ಕೀ ಇನ್ನೊಂದು ಗುಂಡಿ, ಬೀಳುವ ಗುಂಡಿ. ಫೈಲ್ ಆರಿಸಿ ಎಂಟರ್ ಒತ್ತಿದರೆ ತೆರೆಯುವುದಿಲ್ಲ, ಹೆಸರು ಬದಲಿಸಿ ಎಂದು ಕರ್ಸರ್ ಮಿನುಗುತ್ತದೆ. ಗಾಬರಿಯಲ್ಲಿ ಇನ್ನೆರಡು ಕೀ ಒತ್ತಿದರೆ ವಾರ್ಷಿಕ ವರದಿಗೆ 'ಹ್ಹ್ಹ್' ಎಂದು ನಾಮಕರಣವಾಗಿರುತ್ತದೆ. ತೆರೆಯಲು ಕಮಾಂಡ್ ಮತ್ತು ಓ. ತಪ್ಪು ಹೆಸರು ತೆಗೆಯಲು ಕಮಾಂಡ್ ಮತ್ತು ಜೆಡ್.

ಮೂರನೆಯ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ದು ತದ್ವಿರುದ್ಧ ಸ್ವಭಾವ. ಉಳಿದೆರಡು ಮಾಡದ್ದನ್ನು ಮಾಡಿದೆ ಎನ್ನುತ್ತವೆ, ಇದು ಮಾಡಿದ್ದನ್ನೂ ತೋರಿಸುವುದಿಲ್ಲ. ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ, ಆಡಳಿತಗಾರನ ಅಧಿಕಾರ ಬೇಡುವ ಸುಡೋ ಎಂಬ ಪದವನ್ನು ಆದೇಶದ ಮುಂದೆ ಬರೆದರೆ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡಿದರೆ ಅಕ್ಷರವಿಲ್ಲ, ನಕ್ಷತ್ರವಿಲ್ಲ, ಕರ್ಸರ್ ಕದಲುವುದೂ ಇಲ್ಲ. ಅನುಮಾನ ಕೀಬೋರ್ಡಿನ ಮೇಲೆ ಹೋಗಿ, ಕೇಬಲ್ ಕಿತ್ತು ಮತ್ತೆ ಚುಚ್ಚುವ ತನಕ ಬೆಳೆಯುತ್ತದೆ. ಪಾಸ್‌ವರ್ಡ್ ಎಷ್ಟು ಉದ್ದ ಎಂಬುದೂ ಪಕ್ಕದವರಿಗೆ ತಿಳಿಯಬಾರದೆಂದು ಹೀಗೆ ಮಾಡಿದ್ದಾರೆ. ಕುರುಡಾಗಿ ಟೈಪ್ ಮಾಡಿ ಎಂಟರ್ ಒತ್ತಿದರಾಯಿತು. ಲಿನಕ್ಸ್ ಮಿಂಟ್‌ನಂಥ ಕೆಲವು ಲಿನಕ್ಸ್ ಬಗೆಗಳು ಮಾತ್ರ ಕರುಣೆ ತೋರಿ ನಕ್ಷತ್ರ ಹಾಕುತ್ತವೆ. ಅದೇ ಟರ್ಮಿನಲ್‌ನಲ್ಲಿ ಕಾಪಿ ಮಾಡಲೆಂದು ಕಂಟ್ರೋಲ್ ಮತ್ತು ಸಿ ಒತ್ತಬೇಡಿ. ಅಲ್ಲಿ ಅದಕ್ಕೆ 'ನಡೆಯುತ್ತಿರುವ ಕೆಲಸ ನಿಲ್ಲಿಸು' ಎಂದರ್ಥ. ಕಾಪಿಗೆ ಜೊತೆಯಲ್ಲಿ ಶಿಫ್ಟ್ ಕೂಡ ಬೇಕು.

ಪೆನ್‌ಡ್ರೈವ್ ವಿಷಯದಲ್ಲಿ ಮಾತ್ರ ಲಿನಕ್ಸ್ ಕೂಡ ಸುಳ್ಳುಗಾರರ ಸಂಘ ಸೇರುತ್ತದೆ. ಕಾಪಿಯ ಪಟ್ಟಿ ಸರ್ರನೆ ಓಡಿ ಮುಗಿಯಿತು ಎನ್ನುತ್ತದೆ. ಡೇಟಾ ಇನ್ನೂ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲೇ ಸರತಿಯಲ್ಲಿ ನಿಂತಿರುತ್ತದೆ. ಆಗ ಕಿತ್ತರೆ ಫೈಲ್ ಅರ್ಧ. ಇಜೆಕ್ಟ್ ಒತ್ತಿ, ತೆಗೆಯಬಹುದು ಎನ್ನುವವರೆಗೆ ಕಾಯಬೇಕು. ವಿಂಡೋಸ್ 10 ತನ್ನ 1809 ಆವೃತ್ತಿಯಿಂದ 'ಕ್ವಿಕ್ ರಿಮೂವಲ್' ಅನ್ನೇ ರೂಢಿ ಮಾಡಿಕೊಂಡಿರುವುದರಿಂದ, ಕಾಪಿ ಪೂರ್ತಿ ಮುಗಿದ ಮೇಲೆ ಕಿತ್ತರೆ ಸುಮ್ಮನಿರುತ್ತದೆ. ಮ್ಯಾಕ್ ಬೈಯುತ್ತದೆ.

ಇನ್ನು ಹನ್ನೆರಡು ಜಿಬಿ ಖಾಲಿ ಇರುವ ಪೆನ್‌ಡ್ರೈವ್ ಐದು ಜಿಬಿಯ ವಿಡಿಯೊ ಬೇಡ ಎಂದರೆ ಅದು ಹಟವಲ್ಲ. ಎಫ್‌ಎಟಿ32 ಎಂಬ ಫಾರ್ಮ್ಯಾಟಿನಲ್ಲಿ, ಅಂದರೆ ಫೈಲ್ ಜೋಡಿಸಿಡುವ ಕ್ರಮದಲ್ಲಿ, ಒಂದು ಫೈಲ್ ನಾಲ್ಕು ಜಿಬಿ ಮುಟ್ಟುವಂತಿಲ್ಲ. ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಕ್ರಮಕ್ಕೆ ಬದಲಿಸಿದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಮೂವರ ನಡುವೆ ಓಡಾಡುವ ಪೆನ್‌ಡ್ರೈವ್‌ಗೆ ಎಕ್ಸ್‌ಫ್ಯಾಟ್ ಹಾಕಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ. ಈ ಒಂದು ವಿಷಯದಲ್ಲಿ ಮೂವರೂ ಸತ್ಯವಂತರು.

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರ ಪಾಡೇ ಬೇರೆ. ಕಳ್ಳನಿದ್ದೆಯಲ್ಲಿರುವ ವಿಂಡೋಸ್‌ನ ಡಿಸ್ಕನ್ನು ಲಿನಕ್ಸ್ ಓದಲಷ್ಟೇ ತೆರೆಯುತ್ತದೆ, ಬರೆಯಲು ಒಪ್ಪುವುದಿಲ್ಲ. ಮಲಗಿದವನ ಜೇಬಿಗೆ ಕೈ ಹಾಕಬಾರದೆಂಬ ಮರ್ಯಾದೆ. ಮೇಲೆ ಹೇಳಿದ ಟಿಕ್ ತೆಗೆದರೆ ಇದೂ ಸರಿಹೋಗುತ್ತದೆ. ಗಡಿಯಾರದ ಜಗಳ ಮಾತ್ರ ಉಳಿಯುತ್ತದೆ. ಯಂತ್ರದ ಮುಖ್ಯ ಫಲಕವಾದ ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬಿದೆ, ಯುಟಿಸಿ ಎಂಬ ಜಾಗತಿಕ ಸಮಯ ಎಂದು ಲಿನಕ್ಸ್ ನಂಬಿದೆ. ಇವನು ತಿದ್ದಿದ್ದನ್ನು ಅವನು ತಿದ್ದುತ್ತ, ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ನಿಮ್ಮ ಸಮಯವಲಯದ ಅಂತರದಷ್ಟು ಗಂಟೆ ಹಿಂದೆ ಮುಂದೆ ಜಿಗಿಯುತ್ತದೆ. ಲಿನಕ್ಸ್‌ನ ಟೈಮ್‌ಡೇಟ್‌ಸಿಟಿಎಲ್ ಆದೇಶದಲ್ಲಿ 'ಸೆಟ್-ಲೋಕಲ್-ಆರ್‌ಟಿಸಿ' ಆಯ್ಕೆಗೆ 1 ಕೊಟ್ಟರೆ ಅದು ವಿಂಡೋಸ್‌ನ ಮಾತಿಗೆ ಒಪ್ಪುತ್ತದೆ.

ಗಡಿಯಾರ ಗಂಟೆಗಳಲ್ಲಲ್ಲ, ವರ್ಷಗಟ್ಟಲೆ ಹಿಂದೆ ಹೋಗಿ, ಬ್ರೌಸರ್ ಯಾವ ಜಾಲತಾಣ ತೆರೆದರೂ 'ಸಂಪರ್ಕ ಸುರಕ್ಷಿತವಲ್ಲ' ಎಂದು ಚೀರತೊಡಗಿದರೆ ವೈರಸ್ ಹುಡುಕಬೇಡಿ. ಜಾಲತಾಣಗಳ ಪ್ರಮಾಣಪತ್ರಗಳು ಆ ಹಳೆಯ ತಾರೀಖಿಗೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ಯಂತ್ರದ ಪ್ಲಗ್ ಕಿತ್ತು, ಮದರ್‌ಬೋರ್ಡಿನ ಮೇಲಿರುವ, ಯಂತ್ರ ಆಫ್ ಇದ್ದಾಗ ಗಡಿಯಾರ ನಡೆಸುವ ನಾಣ್ಯದಂಥ ಸೆಲ್ ಬದಲಿಸಿ. ಹೆಚ್ಚಿನವುಗಳಲ್ಲಿ ಅದು ಮೂರು ವೋಲ್ಟಿನ ಸಿಆರ್2032. ಬರಹ ಇರುವ ಮಗ್ಗುಲು ಮೇಲೆ ಬರಲಿ.